ಸಿಂಪ್ಸನ್ಸ್ ನೋಡಲು ಯಾವುದು ಮೇಲು: ಹಳೆಯ ಡಿವಿಡಿ ಪೆಟ್ಟಿಗೆಗಳೋ, ಸ್ಟ್ರೀಮಿಂಗ್ ಚಂದಾವೋ?

ಅಮೆರಿಕದ ಹಾಸ್ಯ ಕಾರ್ಟೂನ್ ‘ದ ಸಿಂಪ್ಸನ್ಸ್’ ಧಾರಾವಾಹಿಯನ್ನು ಇವತ್ತು ಮನೆಯಲ್ಲಿ ಕುಳಿತು ನೋಡಬೇಕೆನ್ನುವವರಿಗೆ ಮುಖ್ಯವಾಗಿ ಎರಡು ದಾರಿಗಳಿವೆ. ತಿಂಗಳ ಚಂದಾ ಕಟ್ಟಿ, ಸ್ಟ್ರೀಮಿಂಗ್ ಸೇವೆಯಲ್ಲಿ ಮೊದಲ ಸೀಸನ್‌ನಿಂದ ಇತ್ತೀಚಿನವರೆಗೆ ಹೆಚ್ಚುಕಡಿಮೆ ಎಲ್ಲವನ್ನೂ ನೋಡುವುದು ಒಂದು. ಹಳೆಯ ಸೀಸನ್‌ಗಳ ಡಿವಿಡಿ ಪೆಟ್ಟಿಗೆಗಳನ್ನು ಕೊಂಡಿಟ್ಟುಕೊಳ್ಳುವುದು ಇನ್ನೊಂದು. ಅಮೆರಿಕದಲ್ಲಿ ನೆಲೆಸಿರುವ ನಾನು ಎರಡನ್ನೂ ಸಾಕಷ್ಟು ಕಾಲ ಬಳಸಿದ್ದೇನೆ. ಮೂರರಿಂದ ಎಂಟರವರೆಗಿನ ಸೀಸನ್‌ಗಳ ಪೆಟ್ಟಿಗೆಗಳನ್ನು ಹಳೆಯ ಪುಸ್ತಕಗಳ ಅಂಗಡಿಯಲ್ಲಿ ಕೊಂಡದ್ದು ಈಚಿನ ವರ್ಷಗಳಲ್ಲಿ ನನಗೆ ಅತ್ಯಂತ ತೃಪ್ತಿ ಕೊಟ್ಟ ಖರೀದಿ ಎಂದು ಆರಂಭದಲ್ಲಿಯೇ ಹೇಳಿಬಿಡುತ್ತೇನೆ. ಚಂದಾ ಕಟ್ಟಿದವರಿಗೆ ಸಿಗುವ ಹೆಚ್ಚುವರಿ ಸೀಸನ್‌ಗಳ ಬಹುಭಾಗ ನೋಡಲು ಯೋಗ್ಯವಾಗಿಲ್ಲ, ನೋಡಲು ಯೋಗ್ಯವಾದ ಹಳೆಯ ಸೀಸನ್‌ಗಳನ್ನು ಆ ಸೇವೆ ಸರಿಯಾದ ರೂಪದಲ್ಲಿ ತಾನಾಗಿ ತೋರಿಸುವುದಿಲ್ಲ.

ಎರಡನೆಯ ದೂರನ್ನು ಮೊದಲು ವಿವರಿಸುತ್ತೇನೆ, ಏಕೆಂದರೆ ನನ್ನನ್ನು ಡಿಸ್ಕ್‌ಗಳ ಕಡೆಗೆ ತಳ್ಳಿದ್ದು ಅದೇ. 1989ರ ಡಿಸೆಂಬರಿನಲ್ಲಿ ಅರ್ಧ ಗಂಟೆಯ ಧಾರಾವಾಹಿಯಾಗಿ ಶುರುವಾದ ಸಿಂಪ್ಸನ್ಸ್, 2009ರ ಫೆಬ್ರವರಿಯವರೆಗೂ ಹಳೆಯ ಟೀವಿಗಳ ಚೌಕದಂಥ ಚೌಕಟ್ಟಿಗೆ, ಅಂದರೆ ನಾಲ್ಕಕ್ಕೆ ಮೂರರ ಅನುಪಾತಕ್ಕೆ, ಬರೆದ ಚಿತ್ರಗಳಿಂದಾದದ್ದು. ಇಪ್ಪತ್ತನೆಯ ಸೀಸನ್‌ನ ಮಧ್ಯದಲ್ಲಿ ಮಾತ್ರ ಅದು ಹದಿನಾರಕ್ಕೆ ಒಂಬತ್ತರ ಅಗಲ ಪರದೆಗೆ ಬದಲಾಯಿತು. ಆ ಹಳೆಯ ಕಂತುಗಳನ್ನು ಇಂದಿನ ಟೀವಿಯ ತುಂಬ ಕಾಣಿಸಬೇಕೆಂದರೆ ಚಿತ್ರದ ಮೇಲಿನ ಮತ್ತು ಕೆಳಗಿನ ಅಂಚುಗಳನ್ನು ಕತ್ತರಿಸಬೇಕಾಗುತ್ತದೆ. ಅಗಲವನ್ನು ಹಾಗೆಯೇ ಉಳಿಸಿಕೊಂಡರೆ ಎತ್ತರದ ನಾಲ್ಕನೆಯ ಒಂದು ಭಾಗ ಹೋಗಿಬಿಡುತ್ತದೆ. ಚಿತ್ರಕಾರರು ಕೈಯಾರೆ ಬರೆದದ್ದರಲ್ಲಿ ಕಾಲು ಭಾಗ, ಪ್ರತಿಯೊಂದು ದೃಶ್ಯದಲ್ಲೂ!

ಇದು ಬರಿಯ ಶುದ್ಧತೆಯ ಹಟವಲ್ಲ ಎಂಬುದಕ್ಕೆ ನಾಲ್ಕನೆಯ ಸೀಸನ್‌ನ ‘ಡಫ್‌ಲೆಸ್’ ಕಂತೇ ಸಾಕ್ಷಿ. ಸಿಂಪ್ಸನ್ ಕುಟುಂಬದ ತಂದೆ ಹೋಮರ್ ತನ್ನ ಗೆಳೆಯ ಬಾರ್ನಿಯೊಂದಿಗೆ ಡಫ್ ಬಿಯರ್ ಕಾರ್ಖಾನೆ ನೋಡಲು ಹೋಗುತ್ತಾನೆ. ಅಲ್ಲಿ ಮೂರು ದೊಡ್ಡ ತೊಟ್ಟಿಗಳು ಸಾಲಾಗಿ ನಿಂತಿವೆ. ಒಂದರ ಮೇಲೆ ಡಫ್ ಎಂದೂ, ಇನ್ನೊಂದರ ಮೇಲೆ ಡಫ್ ಲೈಟ್ ಎಂದೂ, ಮತ್ತೊಂದರ ಮೇಲೆ ಡಫ್ ಡ್ರೈ ಎಂದೂ ಬರೆದಿದೆ. ಚಿತ್ರದ ಮೇಲ್ಭಾಗದಲ್ಲಿ ಒಂದೇ ಕೊಳವೆ ಬಂದು, ಕವಲೊಡೆದು, ಮೂರಕ್ಕೂ ಒಂದೇ ಬಿಯರನ್ನು ತುಂಬುತ್ತಿರುತ್ತದೆ. ಯಾವ ಪಾತ್ರವೂ ಅದರ ಬಗ್ಗೆ ಮಾತಾಡುವುದಿಲ್ಲ, ಕ್ಯಾಮೆರಾ ಅತ್ತ ಬೊಟ್ಟು ಮಾಡುವುದಿಲ್ಲ. ನೋಡುವವನ ಕಣ್ಣೇ ಮೇಲಕ್ಕೆ ಹೋಗಿ ಕೊಳವೆಯನ್ನು ಹಿಡಿಯಬೇಕು. ಇಡೀ ನಗೆ ಇರುವುದು ಅಲ್ಲಿಯೇ. ಕತ್ತರಿಸಿದ ಪ್ರತಿಯಲ್ಲಿ ಆ ಕೊಳವೆ ಮಾಯವಾಗಿ, ಮೂರು ತೊಟ್ಟಿಗಳ ಮುಂದೆ ಇಬ್ಬರು ನಿಂತ ಅರ್ಥವಿಲ್ಲದ ಚಿತ್ರವೊಂದು ಉಳಿಯುತ್ತದೆ. ಈ ಧಾರಾವಾಹಿಯ ಒಳ್ಳೆಯ ವರ್ಷಗಳ ಹಾಸ್ಯದಲ್ಲಿ ಅರ್ಧದಷ್ಟು ಇಂಥದ್ದೇ: ಅಂಗಡಿಯ ಬೋರ್ಡು, ಗೋಡೆಯ ಮೇಲಿನ ಭಿತ್ತಿಪತ್ರ, ಮೂಲೆಯಲ್ಲಿ ನಿಂತವನ ಮುಖಭಾವ. ಅಂಚನ್ನು ಕತ್ತರಿಸಿದರೆ ಹಾಸ್ಯವನ್ನೇ ಕತ್ತರಿಸಿದಂತೆ.

2019ರಲ್ಲಿ ಇಡೀ ಧಾರಾವಾಹಿ ಸ್ಟ್ರೀಮಿಂಗ್‌ಗೆ ಬಂದಾಗ ಹಳೆಯ ಕಂತುಗಳೆಲ್ಲ ಹೀಗೆ ಕತ್ತರಿಸಿದ ರೂಪದಲ್ಲಿಯೇ ಇದ್ದವು. ಪ್ರೇಕ್ಷಕರು ಗಟ್ಟಿಯಾಗಿ ಆಕ್ಷೇಪಿಸಿದ ಮೇಲೆ, 2020ರ ಮೇ ತಿಂಗಳ ಕೊನೆಗೆ, ಮೂಲ ಚೌಕಟ್ಟಿನಲ್ಲಿ ನೋಡುವ ಆಯ್ಕೆಯನ್ನು ಸೇರಿಸಿದರು. ಆದರೆ ಆ ಆಯ್ಕೆ ಎದುರಿಗೆ ಕಾಣುವಂಥದ್ದಲ್ಲ. ಧಾರಾವಾಹಿಯ ವಿವರಗಳ ಪುಟದೊಳಗೆ ಹೋಗಿ, ಅಗಲ ಪರದೆಯ ಗುಂಡಿಯನ್ನು ನಾವೇ ಹುಡುಕಿ ಆಫ್ ಮಾಡಬೇಕು. ನಮ್ಮ ಮನೆಗೆ ಬಂದ ನೆಂಟರ ಮಕ್ಕಳು ತಮ್ಮ ಟ್ಯಾಬ್ಲೆಟ್‌ನಲ್ಲಿ ಇದೇ ಕಂತನ್ನು ನೋಡುತ್ತಿದ್ದಾಗ ನಾನು ಪಕ್ಕದಲ್ಲಿ ಕುಳಿತಿದ್ದೆ. ಅವರ ಪರದೆಯಲ್ಲಿ ಕೊಳವೆ ಇರಲಿಲ್ಲ, ಅವರಿಗೆ ನಗುವೂ ಬರಲಿಲ್ಲ. ಇಂಥದೊಂದು ಗುಂಡಿ ಇದೆಯೆಂದು ಮೊದಲೇ ಗೊತ್ತಿಲ್ಲದ ಹೊಸ ಪ್ರೇಕ್ಷಕನಿಗೆ ತಾನು ಏನನ್ನು ಕಳೆದುಕೊಳ್ಳುತ್ತಿದ್ದೇನೆ ಎಂಬುದು ಎಂದೂ ತಿಳಿಯುವುದಿಲ್ಲ, ಮತ್ತು ಹಳೆಯ ಕಂತುಗಳ ಬಗ್ಗೆ ನಮ್ಮಂಥವರು ಇಷ್ಟೊಂದು ಹೊಗಳುವುದು ಅವನಿಗೆ ಉತ್ಪ್ರೇಕ್ಷೆಯಾಗಿ ತೋರುತ್ತದೆ. ನನಗೆ ನಿಜವಾಗಿ ನೋವಾಗುವುದು ಈ ಕಾರಣಕ್ಕೆ.

ಡಿಸ್ಕ್‌ನಲ್ಲಿ ಈ ರಗಳೆಯೇ ಇಲ್ಲ. ಹಾಕಿದರೆ ಬರೆದ ಚಿತ್ರ ಬರೆದಂತೆಯೇ ಬರುತ್ತದೆ. ದೊಡ್ಡ ಟೀವಿಯಲ್ಲಿ ಚಿತ್ರ ಸ್ವಲ್ಪ ಮಸುಕು ಎಂಬುದು ನಿಜ, ಸ್ಟ್ರೀಮಿಂಗ್‌ನಲ್ಲಿ ಗೆರೆಗಳು ಹೆಚ್ಚು ಸ್ಪಷ್ಟ. ಡಿಸ್ಕ್ ಬದಲಾಯಿಸಲು ಏಳಬೇಕು. ಆರನೆಯ ಸೀಸನ್‌ನ ಪೆಟ್ಟಿಗೆಯನ್ನು ಹೋಮರನ ತಲೆಯ ಆಕಾರದಲ್ಲಿ ಮಾಡಿರುವುದರಿಂದ ಕಪಾಟಿನ ಸಾಲಿನಲ್ಲಿ ಕೂರುವುದಿಲ್ಲ. ನನ್ನ ಮಟ್ಟಿಗೆ ಇವು ದೂರುಗಳೇ ಅಲ್ಲ.

ಡಿಸ್ಕ್‌ಗಳಲ್ಲಿ ಪ್ರತಿ ಕಂತಿಗೂ ಬರಹಗಾರರು ಮತ್ತು ನಿರ್ದೇಶಕರ ವ್ಯಾಖ್ಯಾನದ ಧ್ವನಿ ಇರುವುದು ಇನ್ನೊಂದು ದೊಡ್ಡ ಲಾಭ. ಐದನೆಯ ಸೀಸನ್‌ನ ‘ಕೇಪ್ ಫಿಯರ್’ ಕಂತಿನಲ್ಲಿ ಖಳನಾಯಕ ಸೈಡ್‌ಶೋ ಬಾಬ್ ಮತ್ತೆ ಮತ್ತೆ ಕಸಬಾಚಿಯನ್ನು ಮೆಟ್ಟಿ, ಅದರ ಹಿಡಿ ಮುಖಕ್ಕೆ ಬಡಿದು, ಗೊಣಗುತ್ತಾ ಮುಂದಿನ ಕಸಬಾಚಿಯನ್ನು ಮೆಟ್ಟುವ ದೃಶ್ಯ ಒಟ್ಟು ಒಂಬತ್ತು ಬಾರಿ ನಡೆಯುತ್ತದೆ. ಕಂತಿನ ಅವಧಿ ಕಡಿಮೆ ಬಿದ್ದದ್ದರಿಂದ ಅದನ್ನು ಎಳೆದರಂತೆ; ಎರಡು ಮೂರು ಬಾರಿಗೆ ನಗು ಬತ್ತಿ, ಆಮೇಲೆ ಅದೇ ಎಳೆತದಿಂದಾಗಿ ಮೊದಲಿಗಿಂತ ಜೋರಾಗಿ ನಗು ಬರುತ್ತದೆ. ಊಟವಾದ ಮೇಲೆ ಒಂದು ಕಂತು ನೋಡಿ, ಮರುದಿನ ಅದನ್ನೇ ವ್ಯಾಖ್ಯಾನದೊಂದಿಗೆ ಕೇಳುವುದು ನನ್ನ ರೂಢಿ. ಹಾಗೆ ನೋಡುವವರಿಗೆ ಒಂದು ಪೆಟ್ಟಿಗೆ ಬಹಳ ಕಾಲ ಬಾಳುತ್ತದೆ.

ಮೂರನೆಯ ಸೀಸನ್‌ನ ಮೊದಲ ಕಂತಾದ, ಮೈಕಲ್ ಜಾಕ್ಸನ್ ಧ್ವನಿ ಕೊಟ್ಟ ‘ಸ್ಟಾರ್ಕ್ ರೇವಿಂಗ್ ಡ್ಯಾಡ್’ ಅನ್ನು 2019ರಲ್ಲಿ ನಿರ್ಮಾಪಕರೇ ಹಿಂತೆಗೆದುಕೊಂಡರು. ಸ್ಟ್ರೀಮಿಂಗ್‌ನಲ್ಲಿ ಅದಿಲ್ಲ, ಹಳೆಯ ಡಿಸ್ಕ್‌ನಲ್ಲಿ ಇದೆ. ಹಿಂತೆಗೆದದ್ದು ಸರಿಯೇ ತಪ್ಪೇ ಎಂಬ ಚರ್ಚೆ ಬೇರೆ. ಕೊಂಡ ವಸ್ತು ಕೊಂಡವನ ಬಳಿ ಉಳಿಯುತ್ತದೆ ಎಂಬುದಷ್ಟೇ ಇಲ್ಲಿಯ ಮಾತು.

ಇನ್ನು ಸ್ಟ್ರೀಮಿಂಗ್‌ನ ದೊಡ್ಡ ಆಕರ್ಷಣೆ, ಅಂದರೆ ಮೂವತ್ತಕ್ಕೂ ಹೆಚ್ಚು ಸೀಸನ್‌ಗಳು ಒಂದೇ ಕಡೆ ಸಿಗುವುದು. ಈ ಆಕರ್ಷಣೆಯನ್ನು ನಂಬಿ ನಾನು ಒಂಬತ್ತನೆಯ ಸೀಸನ್‌ನಿಂದ ಮುಂದಕ್ಕೆ ಶ್ರದ್ಧೆಯಿಂದ ನೋಡುತ್ತಾ ಹೋದೆ. ಗುಣಮಟ್ಟ ಒಂದೇ ದಿನ ಕುಸಿದದ್ದಲ್ಲ. ಧಾರಾವಾಹಿಯನ್ನು ರೂಪಿಸಿದ ಮೂವರಲ್ಲಿ ಒಬ್ಬರಾದ ಸ್ಯಾಮ್ ಸೈಮನ್ ನಾಲ್ಕನೆಯ ಸೀಸನ್ ಮುಗಿಯುತ್ತಿದ್ದಂತೆ ಹೊರಟರು, ಬರಹಗಾರ ಕೋನನ್ ಓಬ್ರಯನ್ 1993ರಲ್ಲಿ ಬೇರೆ ಕಾರ್ಯಕ್ರಮಕ್ಕೆ ಹೋದರು, ಏಳು ಮತ್ತು ಎಂಟನೆಯ ಸೀಸನ್‌ಗಳನ್ನು ನಡೆಸಿದ ಬಿಲ್ ಓಕ್ಲಿ ಮತ್ತು ಜಾಶ್ ವೈನ್‌ಸ್ಟೈನ್ ಆಮೇಲೆ ಜವಾಬ್ದಾರಿ ಬಿಟ್ಟರು, 1998ರಲ್ಲಿ ಧ್ವನಿ ಕಲಾವಿದ ಫಿಲ್ ಹಾರ್ಟ್‌ಮನ್ ತೀರಿಕೊಂಡು ಅವರು ಧ್ವನಿ ಕೊಡುತ್ತಿದ್ದ ಟ್ರಾಯ್ ಮಕ್‌ಕ್ಲೂರ್ ಮತ್ತು ಲಯನಲ್ ಹಟ್ಜ್ ಪಾತ್ರಗಳು ನಿಂತುಹೋದವು. 1997ರ ‘ದ ಪ್ರಿನ್ಸಿಪಲ್ ಅಂಡ್ ದ ಪಾಪರ್’ ಕಂತಿನಲ್ಲಿ, ಎಂಟು ವರ್ಷ ನಾವು ಕಂಡ ಪ್ರಾಂಶುಪಾಲ ಸ್ಕಿನ್ನರ್ ಅಸಲಿಗೆ ಬೇರೊಬ್ಬನ ಹೆಸರಿನಲ್ಲಿ ಬದುಕುತ್ತಿದ್ದ ಆಸಾಮಿ ಎಂದು ಹೇಳಿ, ಕೊನೆಯಲ್ಲಿ ಎಲ್ಲವನ್ನೂ ಮರೆಯಿರಿ ಎಂದುಬಿಡುತ್ತಾರೆ. ಸ್ಕಿನ್ನರ್‌ಗೆ ಧ್ವನಿ ಕೊಡುತ್ತಿದ್ದ ಹ್ಯಾರಿ ಶಿಯರರ್ ಅವರೇ ಈ ಕಂತನ್ನು ಬಹಿರಂಗವಾಗಿ ಟೀಕಿಸಿದರು.

ನನಗೆ ಹೆಚ್ಚು ಮುಖ್ಯವಾಗುವುದು ಹೋಮರ್ ಬದಲಾದ ರೀತಿ. ಆರನೆಯ ಸೀಸನ್‌ನ ‘ಅಂಡ್ ಮ್ಯಾಗಿ ಮೇಕ್ಸ್ ತ್ರೀ’ ನೋಡಿ. ಕುಟುಂಬದ ಆಲ್ಬಂನಲ್ಲಿ ಮ್ಯಾಗಿಯ ಫೋಟೋ ಏಕಿಲ್ಲ ಎಂದು ಮಕ್ಕಳು ಕೇಳುವುದರಿಂದ ಕಥೆ ತೆರೆಯುತ್ತದೆ. ಹೋಮರ್ ಅಣುವಿದ್ಯುತ್ ಸ್ಥಾವರದ ಕೆಲಸ ಬಿಟ್ಟು ತನಗೆ ಇಷ್ಟವಾದ ಬೌಲಿಂಗ್ ಅಂಗಣದ ಕೆಲಸಕ್ಕೆ ಸೇರಿರುತ್ತಾನೆ. ಮೂರನೆಯ ಮಗು ಬರುವುದೆಂದು ತಿಳಿದಾಗ ಆ ಸಂಬಳ ಸಾಲದೆ, ಹಳೆಯ ಧಣಿ ಬರ್ನ್ಸ್‌ನ ಮುಂದೆ ತಲೆತಗ್ಗಿಸಿ ಮರಳುತ್ತಾನೆ. ನೀನು ಎಂದೆಂದಿಗೂ ಇಲ್ಲೇ ಇರುತ್ತೀಯ ಎಂಬುದನ್ನು ಮರೆಯಬೇಡ ಎಂಬ ಫಲಕವನ್ನು ಬರ್ನ್ಸ್ ಅವನ ಮೇಜಿನ ಎದುರು ಹಾಕಿಸುತ್ತಾನೆ. ಹೋಮರ್ ಮ್ಯಾಗಿಯ ಫೋಟೋಗಳನ್ನೆಲ್ಲ ಆ ಫಲಕದ ಅಕ್ಷರಗಳ ಮೇಲೆ ಅಂಟಿಸುತ್ತಾನೆ, ಉಳಿದ ಅಕ್ಷರಗಳು ಅವಳಿಗಾಗಿ ಮಾಡು ಎಂದು ಓದಿಸುತ್ತವೆ. ದುಡಿಮೆಗಾರನ ಅವಮಾನವನ್ನೂ ಅವನ ಪ್ರೀತಿಯನ್ನೂ ಒಂದೇ ಚಿತ್ರದಲ್ಲಿ ಇಷ್ಟು ಚೊಕ್ಕವಾಗಿ ಹೇಳಿದ ಹಾಸ್ಯ ಕಾರ್ಯಕ್ರಮವನ್ನು ನಾನು ಬೇರೆ ಕಂಡಿಲ್ಲ. ಐದು ವರ್ಷಗಳ ನಂತರ, ಹನ್ನೊಂದನೆಯ ಸೀಸನ್‌ನ ‘ಸ್ಯಾಡಲ್‌ಸೋರ್ ಗಲ್ಯಾಕ್ಟಿಕಾ’ ಕಂತಿನಲ್ಲಿ ಅದೇ ಹೋಮರನನ್ನು ರೇಸ್ ಕುದುರೆಯ ಜಾಕಿಗಳು ನೆಲದಡಿಯ ತಮ್ಮ ಗುಪ್ತ ಲೋಕಕ್ಕೆ ಎಳೆದೊಯ್ದು ಬೆದರಿಸುತ್ತಾರೆ. ಏನು ಬೇಕಾದರೂ ನಡೆಯಬಹುದು ಎಂದಾದ ಮೇಲೆ ನಡೆದದ್ದು ಯಾವುದೂ ಮನಸ್ಸಿಗೆ ನಾಟುವುದಿಲ್ಲ.

ಕಾಲದ ಸಮಸ್ಯೆಯೂ ಇದೆ. ಪಾತ್ರಗಳಿಗೆ ವಯಸ್ಸಾಗುವುದಿಲ್ಲ, ಲೋಕಕ್ಕೆ ಆಗುತ್ತದೆ. 1991ರ ‘ದ ವೇ ವಿ ವಾಸ್’ನಲ್ಲಿ ಹೋಮರ್ ಮತ್ತು ಮಾರ್ಜ್ 1974ರಲ್ಲಿ ಹೈಸ್ಕೂಲಿನ ಕೊನೆಯ ವರ್ಷದಲ್ಲಿದ್ದರು, 2008ರ ‘ದಟ್ ನೈಂಟೀಸ್ ಶೋ’ ಅವರ ಯೌವನವನ್ನು 1990ರ ದಶಕಕ್ಕೆ ತಂದಿತು, ಅಂದರೆ ನಾವು ಅವರನ್ನು ಮೂರು ಮಕ್ಕಳ ತಂದೆತಾಯಿಯಾಗಿ ನೋಡುತ್ತಿದ್ದ ವರ್ಷಗಳಿಗೇ. ಧ್ವನಿ ಕೊಡುವ ಮುಖ್ಯ ಕಲಾವಿದರು ಮೊದಲಿನಿಂದಲೂ ಅವರೇ ಇರುವುದರಿಂದ ಅವರ ಕಂಠಗಳಿಗೂ ವಯಸ್ಸಾಗಿದೆ. ಮಾರ್ಜ್‌ಳ ಇಂದಿನ ಧ್ವನಿಯಲ್ಲಿನ ಆಯಾಸ ಕೇಳಿದಾಗ ಕಥೆಯಿಂದ ಗಮನ ತಪ್ಪುತ್ತದೆ.

ಕನ್ನಡಿಗರಾದ ನಮಗೆ ಧಾರಾವಾಹಿಯ ಭಾರತೀಯ ಅಂಗಡಿಕಾರ ಅಪುವಿನ ವಿಷಯ ಬೇರೆಯೇ ತೂಕದ್ದು. ಅವನ ಉಚ್ಚಾರಣೆಯ ಅಣಕ ಇಲ್ಲಿ ಬೆಳೆದ ನಮ್ಮ ಮಕ್ಕಳನ್ನು ಶಾಲೆಯಲ್ಲಿ ಎಷ್ಟು ಕಾಡಿತೆಂಬುದನ್ನು ಹಾಸ್ಯನಟ ಹರಿ ಕೊಂಡಬೋಲು 2017ರ ತಮ್ಮ ಸಾಕ್ಷ್ಯಚಿತ್ರದಲ್ಲಿ ಎತ್ತಿದರು, ಆ ದೂರು ನ್ಯಾಯವಾದದ್ದು. ಆದರೂ ಏಳನೆಯ ಸೀಸನ್‌ನ ‘ಮಚ್ ಅಪು ಅಬೌಟ್ ನಥಿಂಗ್’ ಕಂತು ಗಡೀಪಾರಿನ ಭಯದಲ್ಲಿರುವ ವಲಸಿಗನೊಬ್ಬನನ್ನು ಮನುಷ್ಯನಾಗಿ ನೋಡುತ್ತದೆ. ನಕಲಿ ಗುರುತುಪತ್ರ ಹಿಡಿದು ಅಮೆರಿಕನ್ನನಂತೆ ನಟಿಸಲು ಹೋಗಿ, ತನ್ನ ತಂದೆತಾಯಿಯನ್ನು ಮರೆತ ನಾಚಿಕೆ ತಾಳಲಾರದೆ ಅದನ್ನು ಬಿಟ್ಟು, ಪರೀಕ್ಷೆಗೆ ಓದಿ ಪೌರತ್ವ ಪಡೆಯುವ ಅಪು ನನಗೆ ಪರಿಚಿತನೇ. ನಂತರದ ವರ್ಷಗಳಲ್ಲಿ ಅವನಿಗೆ ಒಂದೇ ಹೆರಿಗೆಯಲ್ಲಿ ಎಂಟು ಮಕ್ಕಳಾದವು. ಟೀಕೆ ಬಂದಾಗ 2018ರಲ್ಲಿ ಹೋಮರನ ಮಗಳು ಲೀಸಾಳ ಬಾಯಿಂದ ಜಾರಿಕೆಯ ಉತ್ತರವೊಂದನ್ನು ಹೇಳಿಸಿದರು. ಅಪುವಿಗೆ ಧ್ವನಿ ಕೊಡುತ್ತಿದ್ದ ಹ್ಯಾಂಕ್ ಅಜೇರಿಯಾ 2020ರಲ್ಲಿ ಆ ಪಾತ್ರವನ್ನು ಬಿಟ್ಟರು. ತಕ್ಕ ಧ್ವನಿ ಹುಡುಕಿ ಒಳ್ಳೆಯ ಕಥೆ ಬರೆಯುವ ಬದಲು ಅವನನ್ನು ಹಿನ್ನೆಲೆಯ ಮೂಕ ಆಕೃತಿಯನ್ನಾಗಿ ಮಾಡಿದ್ದು ಬರಹಗಾರರ ಸೋಲು.

ಹೊಸದರಲ್ಲಿ ಒಳ್ಳೆಯದು ಏನೂ ಇಲ್ಲವೆಂದಲ್ಲ. 2001ರ ‘ಟ್ರಿಲಜಿ ಆಫ್ ಎರರ್’, 2011ರ ‘ಹಾಲಿಡೇಸ್ ಆಫ್ ಫ್ಯೂಚರ್ ಪಾಸ್ಡ್’, 2015ರ ‘ಬಾರ್ಟ್‌ಹುಡ್’ ಚೆನ್ನಾಗಿವೆ. ನಿರ್ಮಾಪಕ ಮ್ಯಾಟ್ ಸೆಲ್ಮನ್ ಹೆಚ್ಚಿನ ಹೊಣೆ ಹೊತ್ತ ಮೇಲಿನ ಸೀಸನ್‌ಗಳಲ್ಲಿ ಪ್ರಯೋಗದ ಹುಮ್ಮಸ್ಸು ಕಾಣುತ್ತದೆ, ಎರಡು ಭಾಗಗಳಲ್ಲಿ ಬಂದ ‘ಎ ಸೀರಿಯಸ್ ಫ್ಲ್ಯಾಂಡರ್ಸ್’ ಅದಕ್ಕೆ ಉದಾಹರಣೆ. ಇವನ್ನೆಲ್ಲ ನೋಡಿ ಮುಗಿಸಲು ಒಂದು ತಿಂಗಳ ಚಂದಾ ಸಾಕು. ಮುಗಿದ ಮೇಲೆ ರದ್ದು ಮಾಡಬಹುದು, ನಾನು ಮಾಡಿದ್ದೂ ಹಾಗೆಯೇ.

ಮಕ್ಕಳಿಗೆ ಹಿನ್ನೆಲೆಯಲ್ಲಿ ಏನಾದರೂ ಓಡುತ್ತಿರಬೇಕು, ಡಿವಿಡಿ ಪ್ಲೇಯರ್ ಮನೆಯಲ್ಲಿಲ್ಲ ಎನ್ನುವವರು ಚಂದಾ ಕಟ್ಟಲಿ, ಆದರೆ ಆ ಅಗಲ ಪರದೆಯ ಗುಂಡಿಯನ್ನು ಮೊದಲ ದಿನವೇ ಆಫ್ ಮಾಡಲಿ. ಕರ್ನಾಟಕದಲ್ಲಿರುವವರು ಅಮೆರಿಕದ ಬಂಧುಗಳಿಂದ ಪೆಟ್ಟಿಗೆ ತರಿಸುವುದಾದರೆ ಒಂದು ಎಚ್ಚರ ಬೇಕು: ಅಮೆರಿಕದ ಡಿಸ್ಕ್‌ಗಳು ಒಂದನೆಯ ವಲಯದವು, ಭಾರತ ಐದನೆಯ ವಲಯಕ್ಕೆ ಸೇರಿದೆ, ಆದ್ದರಿಂದ ಎಲ್ಲ ವಲಯಗಳ ಡಿಸ್ಕ್ ಓಡಿಸುವ ಪ್ಲೇಯರ್ ಇದೆಯೇ ಎಂದು ನೋಡಿಕೊಂಡೇ ತರಿಸಬೇಕು. ಹಳೆಯ ಅಂಗಡಿಯಲ್ಲಿ ನನಗೆ ಒಂದೊಂದು ಪೆಟ್ಟಿಗೆಯೂ ತಿಂಗಳ ಚಂದಾಕ್ಕಿಂತ ಕಡಿಮೆ ಬೆಲೆಗೆ ಸಿಕ್ಕಿತು. ಕೊಳ್ಳುವ ಮೊದಲು ಡಿಸ್ಕ್‌ಗಳ ಮೇಲೆ ಗೀರುಗಳಿವೆಯೇ ಎಂದು ಬೆಳಕಿಗೆ ಹಿಡಿದು ನೋಡಿಕೊಳ್ಳಿ. ಒಂದೇ ಪೆಟ್ಟಿಗೆಗೆ ಹಣವಿದ್ದರೆ ನಾಲ್ಕನೆಯ ಸೀಸನ್ ಕೊಳ್ಳಿ, ‘ಮಾರ್ಜ್ ವರ್ಸಸ್ ದ ಮೋನೋರೈಲ್’ ಮತ್ತು ‘ಲಾಸ್ಟ್ ಎಕ್ಸಿಟ್ ಟು ಸ್ಪ್ರಿಂಗ್‌ಫೀಲ್ಡ್’ ಎರಡೂ ಅದರಲ್ಲಿಯೇ ಇವೆ.