ಇನ್ಹೇಲರ್‌ಗೆ ಜೋಡಿಸುವ ಸ್ಪೇಸರ್: ಹತ್ತು ತಿಂಗಳ ಬಳಕೆಯ ನಂತರ

ನಮ್ಮ ಹತ್ತು ವರ್ಷದ ಮಗಳು ವಿಜಯಪುರದಲ್ಲಿ ತನ್ನ ಶಾಲೆಯ ಖೊ-ಖೊ ತಂಡದಲ್ಲಿ ಆಡುತ್ತಾಳೆ. ಕಳೆದ ಡಿಸೆಂಬರ್‌ನ ಚಳಿಯ ಮುಂಜಾನೆಗಳಲ್ಲಿ, ಆಟ ಮುಗಿಸಿ ಕುಳಿತ ಐದು-ಹತ್ತು ನಿಮಿಷಕ್ಕೆ ಅವಳಿಗೆ ಕೆಮ್ಮು ಹತ್ತಿ, ಎದೆಯಿಂದ ಸಣ್ಣಗೆ ಸಿಳ್ಳೆಯಂಥ ಸದ್ದು ಬರತೊಡಗಿತು. ಬಾಯಿಯಿಂದ ಜೋರಾಗಿ ಉಸಿರೆಳೆದಾಗ ತಣ್ಣನೆಯ ಒಣಗಾಳಿ ಶ್ವಾಸನಾಳದ ಒಳಪದರದ ತೇವವನ್ನು ಹೀರುತ್ತದೆಂದೂ, ಅದರಿಂದ ನಾಳದ ಸ್ನಾಯುಗಳು ಬಿಗಿಯುತ್ತವೆಂದೂ, ಇದು ವ್ಯಾಯಾಮದಿಂದ ಕೆರಳುವ ಅಸ್ತಮಾ ಎಂದೂ ಮಕ್ಕಳ ವೈದ್ಯರು ವಿವರಿಸುವವರೆಗೆ ನಾವು ಅದನ್ನು ನೆಗಡಿ ಎಂದೇ ತಿಳಿದಿದ್ದೆವು. ಆಟಕ್ಕೆ ಹದಿನೈದು ನಿಮಿಷ ಮೊದಲು, ಬಿಗಿಯುವ ಶ್ವಾಸನಾಳವನ್ನು ಸಡಿಲಿಸುವ ಸಾಲ್ಬುಟಮಾಲ್ ಇನ್ಹೇಲರ್‌ನ ಎರಡು ಪಫ್ ತೆಗೆದುಕೊಳ್ಳುವಂತೆ ಅವರು ಬರೆದುಕೊಟ್ಟರು.

ಮೊದಲ ಎರಡು ವಾರ ಇನ್ಹೇಲರನ್ನು ನೇರವಾಗಿ ಬಾಯಿಗಿಟ್ಟುಕೊಂಡಳು. ಹೇಳಿಕೊಳ್ಳುವಂಥ ಗುಣ ಕಾಣಲಿಲ್ಲ. ಒತ್ತುವುದಕ್ಕೂ ಉಸಿರೆಳೆಯುವುದಕ್ಕೂ ಹೊಂದಾಣಿಕೆಯಾಗದೆ, ಔಷಧದ ಬಹುಪಾಲು ನಾಲಿಗೆ ಮತ್ತು ಗಂಟಲಿಗೆ ಬಡಿದು ಅಲ್ಲೇ ಉಳಿಯುತ್ತಿತ್ತು. ಆಮೇಲೆ ಕೊಂಡದ್ದು ಈ ಸ್ಪೇಸರ್: ಎರಡು ಭಾಗಗಳಾಗಿ ಬಿಚ್ಚಬಹುದಾದ, ಬಾಯಿಯ ಕಡೆ ತೆಳುವಾದ ಕವಾಟವಿರುವ, ಪಾರದರ್ಶಕ ಪ್ಲಾಸ್ಟಿಕ್ ಕೊಳವೆ. ಇನ್ಹೇಲರನ್ನು ಚೆನ್ನಾಗಿ ಕುಲುಕಿ ಹಿಂಬದಿಗೆ ಸಿಕ್ಕಿಸಿ ಒಂದು ಪಫ್ ಒತ್ತಿದರೆ ಔಷಧದ ಮಂಜು ಕೊಳವೆಯೊಳಗೆ ತಡೆದು ನಿಲ್ಲುತ್ತದೆ. ಮಗು ಅವಸರವಿಲ್ಲದೆ ಐದಾರು ಬಾರಿ ಉಸಿರಾಡಿ ಅದನ್ನು ಒಳಗೆಳೆದುಕೊಳ್ಳಬಹುದು. ಪ್ರತಿ ಉಸಿರಿಗೂ ಕವಾಟ ಪಟಪಟನೆ ಅಲುಗುವುದು ಹೊರಗಿನಿಂದಲೇ ಕಾಣುವುದರಿಂದ ಅವಳು ನಿಜವಾಗಿ ಎಳೆದಳೋ ಇಲ್ಲವೋ ಎಂಬ ಸಂಶಯ ಉಳಿಯುವುದಿಲ್ಲ. ಎರಡನೆಯ ಪಫ್‌ಗೆ ಮತ್ತೆ ಮೊದಲಿನಿಂದ ಕುಲುಕಬೇಕು. ಎರಡನ್ನೂ ಒಟ್ಟಿಗೆ ಒತ್ತಬಾರದು. ಔಷಧ ಬದಲಾಗಲಿಲ್ಲ, ಪ್ರಮಾಣವೂ ಬದಲಾಗಲಿಲ್ಲ. ಆದರೂ ಆ ವಾರದಿಂದ ಆಟದ ನಂತರದ ಕೆಮ್ಮು ಬಹುಮಟ್ಟಿಗೆ ನಿಂತಿತು.

ನಮ್ಮ ಅತ್ತೆಯವರಿಗೆ ಮಾತ್ರ ಸಮಾಧಾನವಿರಲಿಲ್ಲ. "ಪಂಪ್ ಹಚ್ಚಿದ್ರ ಅದು ಜೀವನಪೂರ್ತಿ ಬಿಡೂದಿಲ್ಲವ್ವ, ಔಷಧದ ಬಾಟ್ಲಿನ ಛಲೋ" ಎಂದು ವಾರಗಟ್ಟಲೆ ಹೇಳಿದರು. ಸಾಲ್ಬುಟಮಾಲ್ ಸಿರಪ್‌ನ ಐದು ಮಿಲಿಲೀಟರಿನಲ್ಲಿ 2 ಮಿಲಿಗ್ರಾಂ, ಅಂದರೆ 2000 ಮೈಕ್ರೋಗ್ರಾಂ ಔಷಧವಿದ್ದು ಅದು ಇಡೀ ಮೈಯಲ್ಲಿ ಸುತ್ತುತ್ತದೆ. ಇನ್ಹೇಲರ್‌ನ ಎರಡು ಪಫ್‌ಗಳಲ್ಲಿರುವುದು 200 ಮೈಕ್ರೋಗ್ರಾಂ, ಅದೂ ಸೀದಾ ಶ್ವಾಸನಾಳಕ್ಕೆ ಇಳಿಯುವಂಥದ್ದು. ಈ ಲೆಕ್ಕವನ್ನು ಚಮಚ ಮುಂದಿಟ್ಟು ತೋರಿಸಿದ ಮೇಲೆ ಅವರು ಸುಮ್ಮನಾದರು, ಒಪ್ಪಿದರೆಂದು ಹೇಳಲಾರೆ.

ಕೊರತೆಗಳೂ ಇವೆ. ಮೊದಲ ಸಲ ತೊಳೆದಾಗ ನಾನು ಹಳೆಯ ಸೀರೆಯ ತುಂಡಿನಿಂದ ಒಳಭಾಗವನ್ನು ತಿಕ್ಕಿ ಒರೆಸಿದೆ. ಮರುದಿನವೇ ಮಗಳು ಮತ್ತೆ ಕೆಮ್ಮಿದಳು. ಹಾಗೆ ತಿಕ್ಕಿದರೆ ಪ್ಲಾಸ್ಟಿಕ್‌ನಲ್ಲಿ ಸ್ಥಿರವಿದ್ಯುತ್ ಹುಟ್ಟಿ ಔಷಧದ ಕಣಗಳು ಗೋಡೆಗೆ ಅಂಟುತ್ತವೆಯಂತೆ. ಉಗುರುಬೆಚ್ಚಗಿನ ಸೋಪಿನ ನೀರಿನಲ್ಲಿ ಅದ್ದಿ, ಒರೆಸದೆ, ಗಾಳಿಗೆ ಆರಲು ಬಿಡಬೇಕೆಂಬುದನ್ನು ಪೊಟ್ಟಣದೊಳಗಿನ ಚೀಟಿಯಲ್ಲಿ ಭೂತಗನ್ನಡಿ ಹಿಡಿದು ಓದಬೇಕಾದಷ್ಟು ಸಣ್ಣ ಅಕ್ಷರಗಳಲ್ಲಿ, ಅದೂ ಇಂಗ್ಲಿಷಿನಲ್ಲಿ ಮುದ್ರಿಸಿದ್ದಾರೆ. ಮಕ್ಕಳ ಉಸಿರಿಗೆ ಸಂಬಂಧಿಸಿದ ವಸ್ತುವಿನ ಮೇಲೆ ನಾಲ್ಕು ಸಾಲು ಕನ್ನಡ ಹಾಕಲು ಏನು ಕಷ್ಟವೋ ತಿಳಿಯದು.

ಇದಕ್ಕಿಂತ ದೊಡ್ಡ ದೂರು ನಮಗೆ ಸಿಕ್ಕ ಇನ್ಹೇಲರಿನದು. ಅದರಲ್ಲಿ ಪಫ್ ಎಣಿಸಿ ತೋರಿಸುವ ಕಿಂಡಿಯೇ ಇಲ್ಲ. ಡಬ್ಬಿಯಲ್ಲಿರುವುದು 200 ಪಫ್. ಅವು ಮುಗಿದ ಮೇಲೂ ಒತ್ತಿದರೆ ಬುಸ್ಸೆಂದು ಗಾಳಿ ಬರುತ್ತಲೇ ಇರುತ್ತದೆ, ಔಷಧವಿದೆಯೆಂದು ಮೋಸಹೋಗುತ್ತೇವೆ. ನಾವು ಅಡುಗೆಮನೆಯ ಕ್ಯಾಲೆಂಡರ್‌ನಲ್ಲಿ ಪೆನ್ಸಿಲ್‌ನಿಂದ ಗೀಟು ಹಾಕಿ ಲೆಕ್ಕ ಇಡುತ್ತೇವೆ.

ಕೊಳ್ಳುವವರು ಗಮನಿಸಬೇಕಾದದ್ದು: ನಾಲ್ಕು ವರ್ಷಕ್ಕಿಂತ ಚಿಕ್ಕ ಮಕ್ಕಳಿಗೆ ಮುಖವಾಡವಿರುವ ಸ್ಪೇಸರೇ ಬೇಕು, ದೊಡ್ಡವರಿಗೆ ಬಾಯಿಗಿಟ್ಟುಕೊಳ್ಳುವಂಥದ್ದು ಸಾಕು. ಸಾಲ್ಬುಟಮಾಲ್ ದಿನವೂ ಬೇಕಾಗುತ್ತಿದ್ದರೆ, ಅಥವಾ ರಾತ್ರಿಯೂ ಕೆಮ್ಮಿದ್ದರೆ, ಸ್ಪೇಸರ್ ಬದಲಿಸುವ ಮಾತು ಬಿಟ್ಟು ವೈದ್ಯರ ಬಳಿಗೇ ಹೋಗಬೇಕು. ದಿನನಿತ್ಯ ಬಳಸಿದಂತೆಲ್ಲ, ಆಟದ ಮುಂಚೆ ತೆಗೆದುಕೊಂಡ ಸಾಲ್ಬುಟಮಾಲ್ ಕೊಡುವ ರಕ್ಷಣೆ ಕುಗ್ಗುತ್ತದೆ.

ಹತ್ತು ತಿಂಗಳಲ್ಲಿ ನಮ್ಮ ಸ್ಪೇಸರ್‌ನ ಕವಾಟದ ಅಂಚು ಸ್ವಲ್ಪ ಮುದುಡಿದೆ. ಬುತ್ತಿ ಚೀಲದಲ್ಲಿ ಸ್ಟೀಲ್ ಡಬ್ಬಿಯ ಕೆಳಗೆ ಸಿಕ್ಕಿದ್ದರಿಂದ ಹಾಗಾಗಿರಬಹುದು. ಮುಂದಿನ ವಾರ ಇದೇ ಮಾದರಿಯ ಇನ್ನೊಂದನ್ನು ತರಲಿದ್ದೇವೆ.