ರಿಜಿಸ್ಟ್ರೇಷನ್ ಖರ್ಚನ್ನೂ ಬ್ಯಾಂಕೇ ಕೊಡುತ್ತದೆ ಅಂದರೆ ನಂಬಬೇಡಿ

ಬೆಂಗಳೂರಿನಲ್ಲಿ ಫ್ಲಾಟ್ ನೋಡುತ್ತಿರುವವರು ಟೋಕನ್ ಅಡ್ವಾನ್ಸ್ ಕೊಡುವ ಮುಂಚೆ ದಯವಿಟ್ಟು ಇದನ್ನು ಓದಿ. ನಾವು ಮಾತಾಡಿದ್ದು ರೀಸೇಲ್ ಫ್ಲಾಟ್, ಬೆಲೆ 80 ಲಕ್ಷ. ಕೈಯಲ್ಲಿ 16 ಲಕ್ಷ ಇದ್ದರೆ ಸಾಕು, ಉಳಿದಿದ್ದೆಲ್ಲ ಲೋನ್, ರಿಜಿಸ್ಟ್ರೇಷನ್ನೂ ಅದರಲ್ಲೇ ಸೇರುತ್ತದೆ ಅಂತ ಬ್ರೋಕರ್ ಅಡ್ವಾನ್ಸ್ ಕೊಡಿಸಿದರು. ಬ್ಯಾಂಕಿಗೆ ಹೋದರೆ ಅಲ್ಲಿ ಹೇಳಿದ್ದೇ ಬೇರೆ.

30 ಲಕ್ಷ ದಾಟಿ 75 ಲಕ್ಷದವರೆಗಿನ ಸಾಲಕ್ಕೆ ಮನೆಬೆಲೆಯ ಶೇ. 80ಕ್ಕಿಂತ ಜಾಸ್ತಿ ಕೊಡುವಂತಿಲ್ಲ, ಆರ್‌ಬಿಐ ನಿಯಮ. ಆ ಬೆಲೆಗೆ ಸ್ಟಾಂಪ್ ಡ್ಯೂಟಿ, ರಿಜಿಸ್ಟ್ರೇಷನ್ ಸೇರಿಸುವ ಹಾಗೂ ಇಲ್ಲ. 10 ಲಕ್ಷದೊಳಗಿನ ಮನೆಗೆ ಮಾತ್ರ ಅದರಲ್ಲಿ ವಿನಾಯಿತಿ. ಆ ಬೆಲೆಗೆ ಬೆಂಗಳೂರಲ್ಲಿ ಏನು ಸಿಗುತ್ತದೆ ಹೇಳಿ?

ಈಗ ಲೆಕ್ಕ ನೋಡಿ. ಸ್ಟಾಂಪ್ ಡ್ಯೂಟಿ ಶೇ. 5, ಅಂದರೆ 4 ಲಕ್ಷ, ಅದರ ಮೇಲೆ ಸೆಸ್ಸು, ಸರ್‌ಚಾರ್ಜು ಸೇರಿ ಇನ್ನೂ 48 ಸಾವಿರ. ರಿಜಿಸ್ಟ್ರೇಷನ್ ಫೀ ಮೊದಲು ಶೇ. 1 ಇತ್ತು, 2025ರ ಆಗಸ್ಟ್ 31ರಿಂದ ಶೇ. 2 ಆಗಿದೆ, ಅದು 1.6 ಲಕ್ಷ. ಒಟ್ಟು 6.08 ಲಕ್ಷ, ಎಲ್ಲಾ ನಮ್ಮ ಕೈಯಿಂದಲೇ. ಬ್ರೋಕರ್ ಕಮಿಷನ್, ಬ್ಯಾಂಕಿನ ಪ್ರೊಸೆಸಿಂಗ್ ಫೀ, ವಕೀಲರ ಫೀ, ಖಾತಾ ವರ್ಗಾವಣೆ ಇದರಲ್ಲಿ ಸೇರಿಲ್ಲ. ನಿಮ್ಮ ಏರಿಯಾದ ಮಾರ್ಗಸೂಚಿ ದರ (ಸರ್ಕಾರ ನಿಗದಿ ಮಾಡಿದ ಕನಿಷ್ಠ ಬೆಲೆ) ನೀವು ಕೊಡುವ ಬೆಲೆಗಿಂತ ಜಾಸ್ತಿ ಇದ್ದರೆ ಡ್ಯೂಟಿ ಲೆಕ್ಕ ಹಾಕುವುದು ಆ ದರದ ಮೇಲೆ, ಅದನ್ನೂ ಮೊದಲೇ ನೋಡಿಕೊಳ್ಳಿ.

ನನಗೆ ತುಂಬಾ ಸಿಟ್ಟು ಬಂದಿದ್ದು ಟಿಡಿಎಸ್ (ಮಾರುವವರ ಆದಾಯ ತೆರಿಗೆಗೆ ಅಂತ ಮೊದಲೇ ಹಿಡಿಯುವ ಹಣ) ವಿಷಯಕ್ಕೆ. ಬ್ರೋಕರ್ 80 ಸಾವಿರ ಟಿಡಿಎಸ್ ಅಂತ ಬೆಲೆಯ ಮೇಲೆ ಬೇರೆಯಾಗಿ ಬರೆದಿದ್ದರು. ಅದು ಕೊಳ್ಳುವವರ ಖರ್ಚೇ ಅಲ್ಲ. 50 ಲಕ್ಷ ಅಥವಾ ಅದಕ್ಕಿಂತ ಜಾಸ್ತಿ ಬೆಲೆಯಿದ್ದರೆ ಮಾರುವವರಿಗೆ ಕೊಡುವ ಹಣದಲ್ಲೇ ಶೇ. 1 ಹಿಡಿದು ಅವರ ಪ್ಯಾನ್ ಹೆಸರಿಗೆ ನಾವು ಕಟ್ಟಬೇಕು, ಅಷ್ಟೇ. ಮಾರುವವರು ವಿದೇಶದಲ್ಲಿದ್ದರೆ ನಿಯಮ ಬೇರೆ, ಹಿಡಿಯಬೇಕಾದ ಮೊತ್ತವೂ ಜಾಸ್ತಿ, ಆಗ ಆಡಿಟರ್ ಹತ್ತಿರ ಹೋಗಲೇಬೇಕು.

ಖರ್ಚು ಜಾಸ್ತಿ ಆಯಿತು ಅಂದಿದ್ದಕ್ಕೆ ಪತ್ರದಲ್ಲಿ ಬೆಲೆ ಕಡಿಮೆ ತೋರಿಸಿ ಉಳಿದಿದ್ದು ಕ್ಯಾಶ್ ಕೊಡಿ ಅಂತ ಬ್ರೋಕರ್ ಅಂದರು. ಸುಮ್ನೆ ತಲೆಯಾಡಿಸಬೇಡಿ. ಅದು ಕಾನೂನುಬಾಹಿರ, ಸಾಲವೂ ಕಡಿಮೆಯಾಗುತ್ತದೆ, ಮುಂದೆ ನೀವು ಮಾರುವಾಗ ಲಾಭ ಜಾಸ್ತಿ ಕಂಡು ತೆರಿಗೆಯೂ ಏರುತ್ತದೆ.

ನಮ್ಮ ಅಡ್ವಾನ್ಸ್ ಇನ್ನೂ ವಾಪಸ್ ಬಂದಿಲ್ಲ. ಬ್ಯಾಂಕ್ ಸಾಲ ಸಾಕಾಗದಿದ್ದರೆ ಹಣ ಹಿಂದಿರುಗಿಸಬೇಕು ಅನ್ನುವ ಮಾತು ಅಗ್ರಿಮೆಂಟಿನಲ್ಲಿ ಇಲ್ಲವಂತೆ. ನೀವು ಸಹಿ ಹಾಕುವ ಮುಂಚೆ ಆ ಮಾತನ್ನು, ಜೊತೆಗೆ ಯಾವ ಖರ್ಚು ಯಾರದು ಅನ್ನುವುದನ್ನು ಬರೆಸಿಕೊಳ್ಳಿ. ಹಳೇ ಮೇಂಟೆನೆನ್ಸ್ ಬಾಕಿ, ಮನೆ ತೆರಿಗೆ ಬಾಕಿ ಮಾರುವವರೇ ತೀರಿಸಬೇಕು ಅಂತಲೂ ಅದರಲ್ಲೇ ಸೇರಿಸಿ.