ಬಫಿಂಗ್ ಚಕ್ರಕ್ಕೆ ಕಾರಿನ ಬಣ್ಣ ಹತ್ತಿದರೆ ಅಲ್ಲೇ ನಿಲ್ಲಿಸಿ

ಹಳೆಯ ಕಾರಿಗೆ ಕಡಿಮೆ ಖರ್ಚಿನಲ್ಲಿ ಹೊಳಪು ಕೊಡಿಸಲು ಹೊರಟವರು ದಯವಿಟ್ಟು ಮೊದಲು ಇದನ್ನು ಓದಿ. ನಮ್ಮ ಆಲ್ಟೊ ಕಾರಿನ ಬಾನೆಟ್ಟನ್ನು ಒಂದೂವರೆ ಸಾವಿರ ರೂಪಾಯಿ ಕೊಟ್ಟು, ಎದುರಿಗೇ ನಿಂತು, ಹಾಳು ಮಾಡಿಸಿಕೊಂಡು ಬಂದಿದ್ದೇನೆ.

ಕಾರು 2009ರದು. ಅಪ್ಪ ನಿವೃತ್ತರಾದ ವರ್ಷ ಕೊಂಡದ್ದು. ಬಿಸಿಲಿಗೆ ಮಿನುಗುವ ಮೆಟಾಲಿಕ್ ನೀಲಿ. ನಮ್ಮ ಮನೆ ಇರುವುದು ಕಾರವಾರದ ಕೋಡಿಬಾಗದಲ್ಲಿ, ಕಾಳಿ ನದಿ ಸಮುದ್ರ ಸೇರುವ ಮಗ್ಗುಲಿಗೆ. ಬೆಳಿಗ್ಗೆ ಎದ್ದು ಕಾರಿನ ಗಾಜಿನ ಮೇಲೆ ಬೆರಳೆಳೆದರೆ ಉಪ್ಪು ಜಿಗುಟಾಗಿ ಹತ್ತುತ್ತದೆ. ಶೆಡ್ ಕಟ್ಟಿಸುವ ಮಾತು ಪ್ರತಿ ವರ್ಷ ಬಂದು ಪ್ರತಿ ವರ್ಷ ಮುಂದೆ ಹೋಯಿತು. ಬೇಸಿಗೆಯಿಡೀ ಬಿಸಿಲು, ಜೂನ್ ಹಿಡಿದರೆ ನಾಲ್ಕು ತಿಂಗಳು ಮಳೆ, ಮೇಲಿನ ಮಾವಿನ ಮರದ ಅಂಟು, ಕಾಗೆಗಳ ಹಿಕ್ಕೆ. ಹದಿನೈದು ವರ್ಷಕ್ಕೆ ನೀಲಿ ಮಂಕಾಗಿ, ಬಾನೆಟ್ ಮೇಲೆ ಬೂದಿ ಬಳಿದಂತೆ ಕಾಣತೊಡಗಿತು. ಕಳೆದ ವರ್ಷ ಶಿರಸಿಯಲ್ಲಿ ತಂಗಿಯ ಮಗಳ ಮದುವೆ. ಅಪ್ಪನನ್ನು ಅದೇ ಕಾರಿನಲ್ಲಿ, ಹೊಸದರಂತೆ ಹೊಳೆಯಿಸಿ ಕರೆದೊಯ್ಯಬೇಕು ಎಂದು ನನಗೆ ಆಸೆಯಾಯಿತು.

ಹೆದ್ದಾರಿಯ ಬದಿಯಲ್ಲಿ ಕಾರು ತೊಳೆಯುವ ಒಂದು ಅಂಗಡಿಯಿದೆ. ಮಾಲೀಕ ಕಾರಿನ ಸುತ್ತ ಒಂದು ಸುತ್ತು ಬಂದು, “ಎರಡು ತಾಸು ಬಿಡಿ ಅಕ್ಕೋರೇ, ಮುಖ ನೋಡಿಕೊಳ್ಳುವ ಹಾಗೆ ಮಾಡಿಕೊಡುತ್ತೇವೆ” ಎಂದ. ಬೇರೆ ಕಡೆ ನಾಲ್ಕು ಸಾವಿರ ಕೇಳಿದ್ದರು. ನಾನು ಒಪ್ಪಿಬಿಟ್ಟೆ.

ಕೆಲಸಕ್ಕೆ ನಿಂತವನು ಇಪ್ಪತ್ತರ ಹುಡುಗ. ಕಾರಿನ ಮೇಲಿನ ಧೂಳನ್ನು ಒಂದು ಬಕೆಟ್ ನೀರಿನಿಂದ ಇಳಿಸಿದ, ಅಷ್ಟೆ. ನಮ್ಮ ಕಡೆಯ ಕೆಂಪು ಧೂಳು ಮರಳಿನ ಹಾಗೆ ಗೀರುತ್ತದೆ; ಅದು ಪೂರ್ತಿ ಹೋಗದೆ ಮೆಷಿನ್ ಇಡಲೇಬಾರದು ಎಂದು ಆಗ ನನಗೆ ತಿಳಿದಿರಲಿಲ್ಲ. ಉಣ್ಣೆಯ ದಪ್ಪ ಚಕ್ರ ಕಟ್ಟಿದ, ಉಜ್ಜಿ ಹೊಳಪು ತರುವ ಬಫಿಂಗ್ ಮೆಷಿನ್ ತೆಗೆದ. ಬಾನೆಟ್ ಮೇಲೆ ರಬ್ಬಿಂಗ್ ಕಂಪೌಂಡ್ ಎನ್ನುವ ಉಜ್ಜುವ ಲೇಪವನ್ನು ಮುದ್ದೆ ಮುದ್ದೆಯಾಗಿ ಹಾಕಿ ಮೆಷಿನ್ ಒತ್ತಿದ. ಬಿಸಿಲಿಗೆ ಕಾದ ಬಾನೆಟ್ ಅದು. ಮೆಷಿನ್ ತಿರುಗಿದ ಮೇಲೆ ಮುಟ್ಟಲಾಗದಷ್ಟು ಕಾದಿತು.

ಐದೇ ನಿಮಿಷಕ್ಕೆ ಬಿಳಿ ಉಣ್ಣೆಯ ಚಕ್ರ ನೀಲಿಗೆ ತಿರುಗಿದ್ದನ್ನು ನೋಡಿದೆ. ತೀರಾ ಹತ್ತಿರದಿಂದ ನೋಡಿದೆ. ಅಂಚಿನಲ್ಲಿ ಬಿಳಿ, ನಡುವೆ ನೀಲಿ, ಬಟ್ಟೆಗೆ ಹಾಕುವ ನೀಲಿಪುಡಿ ಕಲಸಿದಂತೆ. “ಇದೇನಪ್ಪ ನೀಲಿ ಬರುತ್ತಿದೆಯಲ್ಲ?” ಎಂದು ಕೇಳಿದೆ. “ಹಳೆಯ ಕೊಳೆ ಅಕ್ಕೋರೇ, ಎಲ್ಲ ಬಿಡುತ್ತಾ ಇದೆ” ಎಂದ. ಕೊಳೆ ನೀಲಿ ಬಣ್ಣದ್ದಾಗಿರುತ್ತದೆಯೇ ಎಂದು ಒಮ್ಮೆ ಯೋಚಿಸಿದ್ದರೂ ಸಾಕಿತ್ತು. ಯೋಚಿಸಲಿಲ್ಲ.

ಸಂಜೆ ಕಾರು ನಿಜವಾಗಿಯೂ ಹೊಳೆಯುತ್ತಿತ್ತು. ಕೊನೆಯಲ್ಲಿ ಒಂದು ಎಣ್ಣೆಯಂಥ ದ್ರಾವಣ ಒರೆಸಿದ್ದರು. ಅಪ್ಪ ಹೊರಗೆ ಬಂದು, ಕನ್ನಡಕ ಸರಿಮಾಡಿಕೊಂಡು, ಬಾನೆಟ್ ಮೇಲೆ ಕೈಯಾಡಿಸಿ ನಕ್ಕರು. ಮದುವೆಗೂ ಹೋಗಿ ಬಂದೆವು.

ಮೂರನೆಯ ಸಲ ತೊಳೆಯುವಷ್ಟರಲ್ಲಿ ಹೊಳಪು ಹೋಯಿತು. ಸಂಜೆಯ ಓರೆ ಬಿಸಿಲಿಗೆ ಬಾನೆಟ್ ಪೂರ್ತಿ ಜೇಡರ ಬಲೆಯಂತೆ ಸುತ್ತು ಸುತ್ತಾದ ಗೀರುಗಳು. ಬಾನೆಟ್ಟಿನ ಉದ್ದಕ್ಕೂ ಇರುವ ಉಬ್ಬುಗೆರೆಯ ಮೇಲೆ ಉಗುರಿನಷ್ಟು ಅಗಲಕ್ಕೆ ಬೂದುಬಣ್ಣದ ಪಟ್ಟಿ. ಡ್ರೈವರ್ ಬದಿಯ ಬಾಗಿಲಿನ ಅಂಚಿನಲ್ಲೂ ಹಾಗೆಯೇ. ಅದು ಪ್ರೈಮರ್, ಬಣ್ಣಕ್ಕೂ ಮೊದಲು ತಗಡಿಗೆ ಬಳಿಯುವ ಪದರ. ಅದರ ಮೇಲಿದ್ದ ನೀಲಿಯೆಲ್ಲ ಆ ಚಕ್ರದ ಉಣ್ಣೆಗೆ ಹತ್ತಿಕೊಂಡು ಹೋಗಿತ್ತು.

ಅಂಗಡಿಗೆ ಹೋಗಿ ತೋರಿಸಿದರೆ, “ಮೊದಲೇ ಹಾಗೆ ಇತ್ತು” ಎಂದರು. ನನ್ನ ಬಳಿ ಬಿಲ್ ಇರಲಿಲ್ಲ, ಮೊದಲಿನ ಫೋಟೊ ಕೂಡ ಇರಲಿಲ್ಲ. ಕಾರನ್ನು ಯಾರ ಕೈಗೆ ಕೊಡುವುದಿದ್ದರೂ ಬಾನೆಟ್, ಬಾಗಿಲು, ಮೇಲ್ಛಾವಣಿಯ ಫೋಟೊ ಹತ್ತಿರದಿಂದ ತೆಗೆದಿಟ್ಟುಕೊಳ್ಳಿ.

ಆಮೇಲೆ ಅಂಕೋಲಾದಲ್ಲಿ ಮೂವತ್ತು ವರ್ಷದಿಂದ ಪೇಂಟಿಂಗ್ ಮಾಡುತ್ತಿರುವ ಒಬ್ಬ ಹಿರಿಯರ ಬಳಿ ಹೋದೆವು. ಅವರು ಕನ್ನಡಕ್ಕೆ ಕೊಂಕಣಿ ಬೆರೆಸಿ, ಕಾರಿನ ಸುತ್ತ ನಡೆಯುತ್ತಾ ಹೇಳಿದ್ದನ್ನು ನನಗೆ ಯಾರಾದರೂ ಮೊದಲೇ ಹೇಳಿದ್ದರೆ ಎಂದು ಈಗಲೂ ಅನ್ನಿಸುತ್ತದೆ. ಇಂಥ ಕಾರುಗಳಲ್ಲಿ ತಗಡಿನ ಮೇಲೆ ಪ್ರೈಮರ್, ಅದರ ಮೇಲೆ ಬಣ್ಣ, ಬಣ್ಣದ ಮೇಲೆ ಕ್ಲಿಯರ್ ಎನ್ನುವ ಪಾರದರ್ಶಕ ಪದರ. ನಾವು ಹೊಳಪು ಎಂದು ಕರೆಯುವುದೆಲ್ಲ ಆ ಕ್ಲಿಯರ್‌ನದು. ಅದರ ದಪ್ಪ ಸುಮಾರು 40ರಿಂದ 50 ಮೈಕ್ರಾನ್, ಅಂದರೆ ಒಂದು ಮಿಲಿಮೀಟರಿನ ಇಪ್ಪತ್ತನೇ ಒಂದು ಭಾಗವೂ ದಾಟುವುದಿಲ್ಲ. ಬಿಸಿಲಿಗೂ ಗೀರಿಗೂ ಅದರ ಮೇಲ್ಮೈ ಒರಟಾದಾಗ ಬೆಳಕು ಚದುರಿ ಕಾರು ಮಂಕಾಗಿ ಕಾಣುತ್ತದೆ. ಕಂಪೌಂಡ್ ಆ ಒರಟನ್ನು ಸವೆಸಿ ನುಣುಪು ಮಾಡುತ್ತದೆ. “ಪ್ರತಿ ಸಲ ಉಜ್ಜಿದಾಗಲೂ ಸ್ವಲ್ಪ ಕ್ಲಿಯರ್ ಹೋಗುತ್ತದೆ ತಂಗೀ. ಅದನ್ನು ಮತ್ತೆ ಯಾವ ಡಬ್ಬಿಯಿಂದಲೂ ತುಂಬಲು ಬರುವುದಿಲ್ಲ” ಎಂದರು. ಉಬ್ಬುಗೆರೆಗಳ ಮೇಲೆ, ಅಂಚುಗಳ ಮೇಲೆ ಪದರ ಇನ್ನೂ ತೆಳು. ಮೆಷಿನ್ನಿನ ಒತ್ತಡವೂ ಬಿಸಿಯೂ ಅಲ್ಲಿಯೇ ಹೆಚ್ಚು. ಹಾಗಾಗಿ ತಿಳಿದವರು ಅಂಚುಗಳಿಗೆ ಮಾಸ್ಕಿಂಗ್ ಟೇಪ್ ಅಂಟಿಸಿಯೇ ಮೆಷಿನ್ ಹಿಡಿಯುತ್ತಾರೆ.

ನೀಲಿ ಚಕ್ರದ ವಿಷಯ ಹೇಳಿದಾಗ ಅವರು ತಲೆ ಅಲ್ಲಾಡಿಸಿದರು. ಕ್ಲಿಯರ್ ಇರುವ ಕಾರನ್ನು ಉಜ್ಜಿದರೆ ಬಟ್ಟೆಗೆ ಕಾರಿನ ಬಣ್ಣ ಬರಬಾರದು. ಬಂತೆಂದರೆ ಕ್ಲಿಯರ್ ದಾಟಿ ಕೆಳಗಿನ ಬಣ್ಣಕ್ಕೆ ಇಳಿದಿದೆ ಎಂದರ್ಥ. ಹಳೆಯ ಕಾಲದ, ಕ್ಲಿಯರ್ ಇಲ್ಲದ ಸಾದಾ ಬಣ್ಣದ ಕಾರುಗಳ ಮಾತು ಬೇರೆ. ಅವುಗಳಲ್ಲಿ ಬಟ್ಟೆಗೆ ಬಣ್ಣ ಹತ್ತುವುದು ಸಹಜ. ನಿಮ್ಮದು ಯಾವುದು ಎಂದು ತಿಳಿಯಲು ಕಣ್ಣಿಗೆ ಬೀಳದ ಒಂದು ಜಾಗದಲ್ಲಿ, ಬಿಳಿ ಬಟ್ಟೆಗೆ ಸ್ವಲ್ಪ ಪಾಲಿಶ್ ಹಚ್ಚಿ ಕೈಯಿಂದಲೇ ಉಜ್ಜಿ ನೋಡಿ. ಎರಡು ನಿಮಿಷದ ಕೆಲಸ. ಅದನ್ನು ಮಾಡದೆ ಯಾರಿಗೂ ಮೆಷಿನ್ ಒತ್ತಲು ಬಿಡಬೇಡಿ. ಕ್ಲಿಯರ್ ಈಗಾಗಲೇ ಹಾವಿನ ಪೊರೆಯಂತೆ ಏಳುತ್ತಿದ್ದರೆ ಯಾವ ಪಾಲಿಶ್‌ನಿಂದಲೂ ಪ್ರಯೋಜನವಿಲ್ಲ, ಆ ಭಾಗಕ್ಕೆ ಹೊಸದಾಗಿ ಪೇಂಟ್ ಹೊಡೆಸಬೇಕು. ಪಾಲಿಶ್‌ನಿಂದ ಸರಿಹೋಗುತ್ತದೆ ಎಂದು ಯಾರಾದರೂ ಹೇಳಿದರೆ ನಂಬಬೇಡಿ.

ನನ್ನನ್ನು ಹೆಚ್ಚು ನೋಯಿಸಿದ ಮಾತು ಬೇರೆಯೇ. ಬಾನೆಟ್ ಬಿಟ್ಟು ಉಳಿದ ಭಾಗ ನೋಡಿ ಅವರು, “ಇದಕ್ಕೆ ಮೆಷಿನ್ನೇ ಬೇಕಿರಲಿಲ್ಲವಲ್ಲ” ಎಂದರು. ಎಡಬದಿಯ ಹಿಂದಿನ ಬಾಗಿಲಿಗೆ ಹುಡುಗನ ಚಕ್ರ ಹೋಗಿರಲಿಲ್ಲ. ಕಾರನ್ನು ನೆರಳಿನಲ್ಲಿ ನಿಲ್ಲಿಸಿ, ಆ ಬಾಗಿಲನ್ನು ಶಾಂಪೂ ಹಾಕಿ ತೊಳೆದು, ಜಿಗುಟನ್ನೆಲ್ಲ ಕಾರಿಗೆಂದೇ ಸಿಗುವ ಜೇಡಿಯಂಥ ಕ್ಲೇ ಉಂಡೆಯಿಂದ ಎತ್ತಿ, ನಯವಾದ ಪಾಲಿಶ್ ಅನ್ನು ಮೈಕ್ರೋಫೈಬರ್ ಬಟ್ಟೆಯಲ್ಲಿ ಅಂಗೈಯಗಲ ಜಾಗಕ್ಕೆ ಹಚ್ಚಿ ಉಜ್ಜಿದರು. ಅಷ್ಟು ಜಾಗದಲ್ಲಿ 2009ರ ನೀಲಿ ಹೊರಬಂತು. ನನ್ನ ಕಣ್ಣು ತುಂಬಿತು. ಬಾನೆಟ್ ಕೂಡ ಹೀಗೆಯೇ ಬರುತ್ತಿತ್ತೇನೋ.

ಆದ್ದರಿಂದ ಕಡಿಮೆ ಖರ್ಚಿನ ದಾರಿ ಬೇಕಿದ್ದರೆ ಮೊದಲು ಕೈಯಿಂದ, ಅತಿ ನಯವಾದ ಪಾಲಿಶ್‌ನಿಂದ ಶುರುಮಾಡಿ. ಸಾಕಾಗದಿದ್ದರೆ ಮಾತ್ರ ಒಂದು ಮೆಟ್ಟಿಲು ಮೇಲಿನದಕ್ಕೆ ಹೋಗಿ. ಅಂಗಡಿಯಲ್ಲೇ ಮಾಡಿಸುವಿರಾದರೆ ಯಾವ ಕಂಪೌಂಡ್, ಮೆಷಿನ್ನಿಗೆ ಕಟ್ಟುವ ಪ್ಯಾಡ್ ಯಾವುದು, ಅಂಚಿಗೆ ಟೇಪ್ ಹಾಕುತ್ತೀರಾ ಎಂದು ಕೇಳಿ, ಒಂದು ಮೂಲೆಯಲ್ಲಿ ಮಾಡಿ ತೋರಿಸಲು ಹೇಳಿ. ಉತ್ತರ ಕೊಡಲು ಬೇಸರಪಡುವವರ ಕೈಗೆ ಕೀಲಿ ಕೊಡಬೇಡಿ. ಪಾಲಿಶ್ ಆದ ಮೇಲೆ ವ್ಯಾಕ್ಸ್ ಹಚ್ಚುವುದನ್ನು ಬಿಡಬೇಡಿ; ಕರಾವಳಿಯ ಉಪ್ಪುಗಾಳಿಯಲ್ಲಿ ನಿಲ್ಲುವ ಕಾರಿಗೆ ಎರಡು ಮೂರು ತಿಂಗಳಿಗೊಮ್ಮೆ, ಮಳೆ ಹಿಡಿಯುವ ಮೊದಲಂತೂ ಖಂಡಿತ ಬೇಕು. ಸೀಮೆಎಣ್ಣೆ, ಟೂತ್‌ಪೇಸ್ಟ್, ತೆಂಗಿನೆಣ್ಣೆಯ ಉಪಾಯಗಳನ್ನು ನನಗೂ ಹಲವರು ಹೇಳಿದರು. ಎಣ್ಣೆಯ ಹೊಳಪು ಧೂಳನ್ನು ಎಳೆದುಕೊಳ್ಳುತ್ತದೆ, ಆ ಧೂಳನ್ನು ಒರೆಸುವಾಗ ಮತ್ತೆ ಗೀರು ಬೀಳುತ್ತದೆ.

ಬಾನೆಟ್‌ಗೆ ಹೊಸ ಪೇಂಟ್ ಹೊಡೆಸಲು ಐದು ಸಾವಿರ ಆಯಿತು. ಮೆಟಾಲಿಕ್ ಬಣ್ಣ ಹಳೆಯದಕ್ಕೆ ಪೂರ್ತಿ ಹೊಂದಲಿಲ್ಲ. ಬಿಸಿಲಿನಲ್ಲಿ ಬಾನೆಟ್ ಒಂದು ನೀಲಿ, ಮಡ್‌ಗಾರ್ಡ್ ಇನ್ನೊಂದು ನೀಲಿ. ಉಳಿದ ಭಾಗವನ್ನು ನಾನೂ ಅಪ್ಪನೂ ಭಾನುವಾರ ಭಾನುವಾರ ಕೈಯಿಂದಲೇ ತಿದ್ದುತ್ತಿದ್ದೇವೆ, ಅವರು ಕುರ್ಚಿ ಹಾಕಿಕೊಂಡು ಕುಳಿತು ಬಾಗಿಲಿನ ಕೆಳಭಾಗ, ನಾನು ಮೇಲ್ಭಾಗ. ಡ್ರೈವರ್ ಬದಿಯ ಬಾಗಿಲಿನ ಅಂಚಿಗೆ ಪೇಂಟ್ ಹೊಡೆಸಲು ದುಡ್ಡು ಹೊಂದಿಸಲು ಇನ್ನೂ ಆಗಿಲ್ಲ, ಪ್ರೈಮರ್ ಹಾಗೆಯೇ ಕಾಣುತ್ತಿದೆ. ಕಾರವಾರದವರು ಯಾರಾದರೂ ಈ ಕೆಲಸಕ್ಕೆ ಹೊರಟಿದ್ದರೆ ಮೊದಲು ಬಂದು ಆ ಅಂಚನ್ನು ಬೆರಳಿನಿಂದ ಮುಟ್ಟಿ ನೋಡಿಕೊಂಡು ಹೋಗಬಹುದು.